"ಎಲ್ಲಾ ನಾರ್ಮಲ್ ಇದೆ, ಟೆನ್ಷನ್ ಬಿಡಮ್ಮ" ಅಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಮಂಡ್ಯದಲ್ಲಿ ಬ್ಲೌಸ್ ಹೊಲಿಯುತ್ತೇನೆ. ನನಗೆ ಮಯಸ್ತೇನಿಯಾ ಗ್ರಾವಿಸ್ ಅನ್ನುವ ಕಾಯಿಲೆ ಇದೆ. ಅದಕ್ಕೆ ಆ ಹೆಸರು ಅಂತ ಗೊತ್ತಾಗೋಕೆ ಒಂದು ವರ್ಷ ಏಳು ತಿಂಗಳು ಹಿಡಿಯಿತು, ಐದು ಜನ ಡಾಕ್ಟರ್ ಆದರು. ಈಗ ಪರಿಚಯದವರು, ಅವರ ನಾದಿನಿ, ನಾದಿನಿಯ ಪಕ್ಕದ ಮನೆಯವರು, ಎಲ್ಲರೂ ಫೋನ್ ಮಾಡುತ್ತಾರೆ. ಒಬ್ಬರಿಗೆ ಕೈ ಜೋಮು, ಇನ್ನೊಬ್ಬರಿಗೆ ತಲೆಸುತ್ತು, ಮತ್ತೊಬ್ಬರಿಗೆ ನಡೆಯುವಾಗ ಕಾಲು ಎಳೆದ ಹಾಗೆ. ಕಾಯಿಲೆ ಬೇರೆ ಬೇರೆ, ಕೇಳೋ ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಬರೆದಿಟ್ಟೆ.

ನಿಮಗೆ ಏನಾಗಿತ್ತು? ಅಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ?

ಮೊದಲು ಕಣ್ಣು. ಸಂಜೆ ಆರರ ಮೇಲೆ ದಾರ ಪೋಣಿಸೋಕೆ ಹೋದರೆ ಎರಡು ಸೂಜಿ ಕಾಣುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡರೆ ಒಂದೇ. ಬಸ್ ಸ್ಟಾಂಡಲ್ಲಿ ಮಳವಳ್ಳಿ ಬೋರ್ಡು ಎರಡು. ಆಮೇಲೆ ಎಡಗಣ್ಣಿನ ರೆಪ್ಪೆ ಜೋತು ಬೀಳೋಕೆ ಶುರುವಾಯಿತು. ಮೂರನೆಯದು ಮುದ್ದೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುವುದು. ರಾತ್ರಿ ಊಟಕ್ಕೆ ಕೂತರೆ ನಾಲ್ಕನೇ ತುತ್ತು ಗಂಟಲಲ್ಲೇ ನಿಂತುಬಿಡುತ್ತಿತ್ತು. "ಮಂಡ್ಯದವಳಾಗಿ ಮುದ್ದೆ ನುಂಗೋಕ್ ಬರಲ್ವೇನೇ" ಅಂತ ನಮ್ಮತ್ತೆ ನಕ್ಕರು. ನಾನೂ ನಕ್ಕೆ.

ಡಾಕ್ಟರ್ ಸಿಗುತ್ತಿದ್ದದ್ದು ಬೆಳಿಗ್ಗೆ. ರಾತ್ರಿ ಮಲಗಿ ಎದ್ದರೆ ನನ್ನ ಕಣ್ಣು ಹೊಸದರ ಹಾಗಿರುತ್ತಿತ್ತು. ಈ ಕಾಯಿಲೆಯ ಗುಣವೇ ಅದು. ನರ ಮತ್ತು ಮಾಂಸಖಂಡ ಸೇರುವ ಜಾಗದ ಮೇಲೆ ನಮ್ಮ ದೇಹದ ರಕ್ಷಣೆಯ ವ್ಯವಸ್ಥೆಯೇ ದಾಳಿ ಮಾಡುತ್ತದೆ, ಹಾಗಾಗಿ ಬಳಸಿದಷ್ಟೂ ಶಕ್ತಿ ಕುಗ್ಗುತ್ತದೆ, ವಿಶ್ರಾಂತಿ ಕೊಟ್ಟರೆ ವಾಪಸ್ ಬರುತ್ತದೆ. ಬೆಳಿಗ್ಗೆ ಹತ್ತೂವರೆಗೆ ಟೋಕನ್ ತಗೊಂಡು ಕೂತವಳನ್ನು ನೋಡಿ, "ಎಲ್ಲಿದೆಯಮ್ಮ ತೊಂದರೆ, ಕಣ್ಣು ಚೆನ್ನಾಗೇ ಇದೆಯಲ್ಲ" ಅಂದರು. ಅವರು ನೋಡಿದ ಹೊತ್ತಿಗೆ ಚೆನ್ನಾಗೇ ಇತ್ತು, ಸುಳ್ಳಲ್ಲ. ನಾನು ಹೇಳುತ್ತಿದ್ದದ್ದು ಸಂಜೆಯ ಕಥೆ.

ನನ್ನ ತಪ್ಪೂ ಇದೆ. ಆ ಸಂಜೆಯನ್ನು ಅವರ ಟೇಬಲ್ ಮೇಲೆ ತಂದಿಡಬೇಕು ಅಂತ ನನಗೆ ಹೊಳೆಯಲೇ ಇಲ್ಲ, ಒಂದೂವರೆ ವರ್ಷ.

ಅದನ್ನ ಹೇಗೆ ತಂದಿಡೋದು?

ಮೊಬೈಲ್. ರೆಪ್ಪೆ ಬಿದ್ದಾಗ ಒಂದು ಫೋಟೋ, ಬೆಳಿಗ್ಗೆ ಎದ್ದ ತಕ್ಷಣ ಇನ್ನೊಂದು. ಫೋಟೋ ತೆಗೆದ ದಿನ, ಗಂಟೆ ಫೋನಲ್ಲೇ ಉಳಿಯುತ್ತದೆ. ಕೈ ನಡುಕ, ಎಡವುವ ನಡಿಗೆ, ತೊದಲುವ ಮಾತು ಇದ್ದರೆ ಅರ್ಧ ನಿಮಿಷದ ವಿಡಿಯೋ ಸಾಕು. ಫಿಟ್ಸ್ ತರಹ ಬರುವವರಿಗಂತೂ ಇದು ತುಂಬಾ ಮುಖ್ಯ. ಬಂದಾಗ ಎಷ್ಟೋ ಜನರಿಗೆ ಪ್ರಜ್ಞೆ ಇರುವುದಿಲ್ಲ, ಅದು ಡಾಕ್ಟರ್ ಮುಂದೆ ಬರುವುದೂ ಅಪರೂಪ. ಮನೆಯವರು ಮೊದಲು ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲಿರುವ ಗಟ್ಟಿ ಸಾಮಾನು ಸರಿಸಿ, ಆಮೇಲೆ ವಿಡಿಯೋ ಮಾಡಬೇಕು. ಕಣ್ಣು ತೆರೆದಿತ್ತಾ ಮುಚ್ಚಿತ್ತಾ ಅನ್ನೋದೂ ಡಾಕ್ಟರಿಗೆ ಉಪಯೋಗಕ್ಕೆ ಬರುತ್ತದೆ. ಬಾಯಿಗೆ ಚಮಚ, ಕೈಗೆ ಬೀಗದ ಕೈ, ಇವೆಲ್ಲ ಬೇಡ.

ಇನ್ನೊಂದು, ಸಂಜೆಯ ಅಪಾಯಿಂಟ್‌ಮೆಂಟ್ ಕೇಳಿ. ಸಂಜೆ ಜಾಸ್ತಿ ಆಗುವ ತೊಂದರೆಗೆ ಬೆಳಿಗ್ಗೆ ಯಾಕೆ ಹೋಗಬೇಕು? ಇಷ್ಟು ಸಣ್ಣ ವಿಷಯ ನನಗೆ ಹೇಳಿದವಳು ಫಾಲ್ ಹಾಕಿಸೋಕೆ ಬಂದ ಒಬ್ಬ ಹುಡುಗಿ, ನರ್ಸಿಂಗ್ ಓದುತ್ತಿದ್ದಳು.

ಒಳಗೆ ಹೋದ ತಕ್ಷಣ ಮಾತೇ ಬರಲ್ಲ, ಹೇಳಬೇಕಾದ್ದೆಲ್ಲ ಮರೆತು ಹೋಗುತ್ತೆ. ಏನು ಮಾಡೋದು?

ಎಲ್ಲರಿಗೂ ಹಾಗೇ. ಹೊರಗೆ ಎರಡು ಗಂಟೆ ಕಾದಿರುತ್ತೇವೆ, ಒಳಗೆ ಐದು ನಿಮಿಷ, ಅದರಲ್ಲಿ ಒಂದು ನಿಮಿಷ ಅವರ ಫೋನಿಗೆ ಹೋಗುತ್ತದೆ. ನಾವು ಶುರು ಮಾಡೋದು ಎಲ್ಲಿಂದ? "ಹೋದ ಯುಗಾದಿಗೆ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ನಾ ಸಾರ್..." ಅಲ್ಲಿಗೆ ಅವರ ಪೆನ್ನು ಓಡೋಕೆ ಶುರುವಾಗಿರುತ್ತದೆ.

ಒಂದೇ ಒಂದು ಹಾಳೆ ಬರೆದುಕೊಂಡು ಹೋಗಿ. ಎರಡು ಬೇಡ, ಎರಡನೆಯದನ್ನು ಯಾರೂ ಓದುವುದಿಲ್ಲ. ನನ್ನದು ಹೀಗಿತ್ತು: "ವಯಸ್ಸು 41. ಎರಡೆರಡು ಕಾಣುವುದು, 19 ತಿಂಗಳಿಂದ, ಸಂಜೆ ಮಾತ್ರ, ಒಂದು ಕಣ್ಣು ಮುಚ್ಚಿದರೆ ಹೋಗುತ್ತದೆ. ಎಡರೆಪ್ಪೆ ಬೀಳುವುದು, 14 ತಿಂಗಳಿಂದ, ಮಲಗಿ ಎದ್ದರೆ ಸರಿ. ನುಂಗಲು ಕಷ್ಟ, 6 ತಿಂಗಳಿಂದ, ಊಟದ ಕೊನೆಯಲ್ಲಿ ಜಾಸ್ತಿ. ಆಗದೇ ಇರುವ ಕೆಲಸ: ಸಂಜೆ ಹೊಲಿಗೆ ಪೂರ್ತಿ ನಿಂತಿದೆ." ಕೆಳಗೆ ತಗೊಳ್ಳುವ ಮಾತ್ರೆಗಳ ಹೆಸರು, ಆಗಿರುವ ಪರೀಕ್ಷೆಗಳ ಹೆಸರು ಮತ್ತು ದಿನಾಂಕ. ಅಷ್ಟೇ.

"ಆಗದೇ ಇರುವ ಕೆಲಸ" ಅನ್ನುವ ಸಾಲನ್ನು ಬಿಡಬೇಡಿ. "ತುಂಬಾ ಸುಸ್ತು ಸಾರ್" ಅಂತ ದಿನಕ್ಕೆ ಐವತ್ತು ಜನ ಹೇಳುತ್ತಾರೆ. "ಮೊದಲು ದಿನಕ್ಕೆ ನಾಲ್ಕು ಬ್ಲೌಸ್ ಹೊಲಿಯುತ್ತಿದ್ದೆ, ಈಗ ಒಂದೂ ಮುಗಿಯಲ್ಲ" ಅಂದರೆ ಪೆನ್ನು ನಿಲ್ಲುತ್ತದೆ. ಗದ್ದೆ ಕೆಲಸದವರಾದರೆ ಕಳೆ ಕೀಳೋಕೆ ಬಗ್ಗಿದರೆ ಏನಾಗುತ್ತದೆ ಹೇಳಿ, ಕಂಪ್ಯೂಟರ್ ಕೆಲಸದವರಾದರೆ ಟೈಪ್ ಮಾಡುವಾಗ ಯಾವ ಬೆರಳು ಕೈಕೊಡುತ್ತದೆ ಹೇಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಆದರೆ ಮಧ್ಯೆ ಬಾಯಿ ಹಾಕದವರನ್ನು. ನಮ್ಮನೆಯವರು ಮೊದಲ ಸಲ ಬಂದು "ಇವಳು ಸ್ವಲ್ಪ ಜಾಸ್ತಿ ಯೋಚನೆ ಮಾಡ್ತಾಳೆ ಸಾರ್" ಅಂದುಬಿಟ್ಟರು. ಎರಡನೇ ಸಲದಿಂದ ತಮ್ಮ ಬಂದ.

"ಟೆನ್ಷನ್ ಅಷ್ಟೇ" ಅಂದಾಗ ಏನು ಹೇಳಬೇಕು? ಜಗಳ ಆಡಲಾ?

ಜಗಳ ಬೇಡ. ಅತ್ತರೂ ಕಷ್ಟ, ಅಳು ಬಂದರೆ "ನೋಡಿ, ನಾನು ಹೇಳಲಿಲ್ವಾ" ಅನ್ನುವ ಮುಖ ಮಾಡುತ್ತಾರೆ. ನಾನು ಆಮೇಲೆ ಕಲಿತದ್ದು ಮೂರು ಮಾತು. "ಇರಬಹುದು ಸಾರ್. ಟೆನ್ಷನ್ ಅಲ್ಲದೇ ಇದ್ದರೆ ಇನ್ನೇನಿರಬಹುದು?" ಆಮೇಲೆ, "ಎಷ್ಟು ದಿನದಲ್ಲಿ ಕಡಿಮೆ ಆಗದಿದ್ದರೆ ನಾನು ವಾಪಸ್ ಬರಬೇಕು?" ಕೊನೆಗೆ, "ನಾನು ಹೇಳಿದ್ದನ್ನ ದಯವಿಟ್ಟು ಚೀಟಿಯಲ್ಲಿ ಬರೆದುಕೊಡಿ, ನರದ ಡಾಕ್ಟರಿಗೆ ತೋರಿಸೋಕೆ ಒಂದು ಲೆಟರ್ ಕೊಟ್ಟರೆ ಇನ್ನೂ ಒಳ್ಳೆಯದು."

ಮೂರನೆಯ ಮಾತಿಗೆ ಬೆಲೆ ಜಾಸ್ತಿ. ಬಾಯಲ್ಲಿ ಹೇಳಿದ್ದು ಫ್ಯಾನ್ ಗಾಳಿಗೆ ಹೋಗುತ್ತದೆ. "ಎರಡೆರಡು ಕಾಣುತ್ತದೆ ಎನ್ನುತ್ತಾರೆ" ಅಂತ ಕಾಗದದ ಮೇಲೆ ಬಂದರೆ ಮುಂದಿನ ಡಾಕ್ಟರ್ ಅದನ್ನು ಓದುತ್ತಾರೆ. ಕೆಲವರು ಬರೆಯೋಕೆ ಪೆನ್ನು ಎತ್ತಿದ ಮೇಲೇ ಇನ್ನೊಂದು ಸಲ ಕಣ್ಣು ನೋಡುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಹೆಂಗಸರು ಹೋದರೆ ಟೆನ್ಷನ್, ನಲವತ್ತು ದಾಟಿದ್ದರೆ ಮುಟ್ಟು ನಿಲ್ಲುವ ಟೈಮು, ಮದುವೆ ಆಗದಿದ್ದರೆ "ಮದುವೆ ಮಾಡಿ ಸರಿ ಹೋಗುತ್ತೆ". ನನ್ನ ತಮ್ಮ ಬೆನ್ನುನೋವು ಅಂತ ಹೋದರೆ ಅದೇ ಕ್ಲಿನಿಕ್ಕಿನಲ್ಲಿ ಮೊದಲ ದಿನವೇ ಎಕ್ಸ್‌ರೇ ಬರೆದುಕೊಟ್ಟರು. ನನಗೆ ನಿದ್ದೆ ಮಾತ್ರೆ. ಹೊಟ್ಟೆ ಉರಿಯದೆ ಇರುತ್ತಾ?

ಎಂ.ಆರ್.ಐ. ನಾರ್ಮಲ್ ಬಂತು. ಹಾಗಾದರೆ ನನಗೆ ಏನೂ ಇಲ್ವಾ?

ಆ ಎಂ.ಆರ್.ಐ.ಯಲ್ಲಿ ಕಾಣುವಂಥದ್ದು ಏನೂ ಇಲ್ಲ ಅಂತ, ಅಷ್ಟೇ. ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ ಅನ್ನೋದು ದೊಡ್ಡ ಸಮಾಧಾನ, ಅದನ್ನು ಕಡೆಗಣಿಸಬೇಡಿ. ಆದರೆ ಮೈಗ್ರೇನ್ ಎಂ.ಆರ್.ಐ.ಯಲ್ಲಿ ಕಾಣುವುದಿಲ್ಲ. ಫಿಟ್ಸ್ ಇರುವ ಎಷ್ಟೋ ಜನರಿಗೆ ಎಂ.ಆರ್.ಐ. ನಾರ್ಮಲ್, ಮೆದುಳಿನ ಕರೆಂಟ್ ಅಲೆ ನೋಡುವ ಇ.ಇ.ಜಿ.ಯೂ ಒಂದು ಸಲಕ್ಕೆ ನಾರ್ಮಲ್ ಬರಬಹುದು. ನನ್ನ ಕಾಯಿಲೆ ಮೆದುಳಿನಲ್ಲೇ ಇಲ್ಲ, ಮೆದುಳಿನ ಫೋಟೋ ತೆಗೆದರೆ ಎಲ್ಲಿಂದ ಸಿಗಬೇಕು?

ಕರೆಂಟ್ ಕೊಟ್ಟು ನರ ನೋಡುವ ಪರೀಕ್ಷೆಯೂ ಹಾಗೇ. ಮಾಮೂಲಿ ಪರೀಕ್ಷೆಯಲ್ಲಿ ನನ್ನದು ಸರಿ ಇತ್ತು. ಒಂದೇ ನರಕ್ಕೆ ಮತ್ತೆ ಮತ್ತೆ ಕರೆಂಟ್ ಕೊಟ್ಟು ಶಕ್ತಿ ಇಳಿಯುತ್ತಾ ಅಂತ ನೋಡುವ ಇನ್ನೊಂದು ಬಗೆ ಇದೆ, ಅದರಲ್ಲಿ ಸಿಕ್ಕಿಬಿತ್ತು. ಹಾಗಾಗಿ "ಯಾವ ಕಾಯಿಲೆ ಇದೆಯಾ ಅಂತ ನೋಡೋಕೆ ಈ ಪರೀಕ್ಷೆ?" ಅಂತ ಮೊದಲೇ ಕೇಳಿಬಿಡಿ. ಉತ್ತರ ಗೊತ್ತಿದ್ದರೆ ನಾರ್ಮಲ್ ಅನ್ನುವ ಪದಕ್ಕೂ ಅರ್ಥ ಬರುತ್ತದೆ.

ಕೈಕಾಲು ಜುಮ್ ಅನ್ನುತ್ತೆ. ಬೀದಿ ಕೊನೆ ಕ್ಲಿನಿಕ್ಕಿನಲ್ಲಿ ಬಿ12 ಇಂಜೆಕ್ಷನ್ ಹಾಕೋಣ ಅಂತಾರೆ. ಹಾಕಿಸಿಕೊಳ್ಳಲಾ?

ಮೊದಲು ರಕ್ತ ಕೊಡಿ, ಆಮೇಲೆ ಇಂಜೆಕ್ಷನ್. ಬಿ12 ಕಮ್ಮಿ ಆದರೆ ಜೋಮು, ಓಲಾಡುವ ನಡಿಗೆ, ಮರೆವು ಎಲ್ಲ ಬರಬಹುದು, ಸರಿಯಾದ ಸಮಯಕ್ಕೆ ಕೊಟ್ಟರೆ ಗುಣವೂ ಆಗುತ್ತದೆ. ಮಾಂಸ ತಿನ್ನದವರಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ನುಂಗುತ್ತಿರುವವರಿಗೆ ಕಮ್ಮಿ ಆಗುವ ಸಾಧ್ಯತೆ ಜಾಸ್ತಿ. ಆದರೆ ಇಂಜೆಕ್ಷನ್ ಹಾಕಿಸಿಕೊಂಡು ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಮಟ್ಟ ಚೆನ್ನಾಗೇ ತೋರಿಸುತ್ತದೆ. ಮೊದಲು ಕಮ್ಮಿ ಇತ್ತಾ ಇರಲಿಲ್ವಾ ಅನ್ನೋದು ಆಗ ಪತ್ತೆ ಮಾಡೋದು ಕಷ್ಟ. ಸಕ್ಕರೆ, ಥೈರಾಯ್ಡ್ ಕೂಡ ಅದೇ ರಕ್ತದಲ್ಲಿ ನೋಡಿಸಿಬಿಡಿ.

ಪೇಪರ್ ಕವರಿನಲ್ಲಿ ಹಾಕಿಕೊಡುವ ಹೆಸರಿಲ್ಲದ ಬಿಳಿ ಮಾತ್ರೆ ಬೇಡ. ಸ್ಟ್ರಿಪ್ ಕೇಳಿ. ಏನು ನುಂಗಿದೆವು ಅಂತ ಗೊತ್ತಿಲ್ಲದಿದ್ದರೆ ಮುಂದಿನ ಡಾಕ್ಟರ್ ಕತ್ತಲಲ್ಲಿ ಹುಡುಕಿದ ಹಾಗೆ.

ಯಾವ ಡಾಕ್ಟರ್ ಹತ್ತಿರ ಹೋಗಬೇಕು?

ಮೊದಲು ಒಬ್ಬ ಫಿಸಿಷಿಯನ್. ಆಮೇಲೆ ನ್ಯೂರಾಲಜಿಸ್ಟ್, ಅಂದರೆ ನರರೋಗ ತಜ್ಞರು. ಬೋರ್ಡಿನಲ್ಲಿ ಎಂ.ಬಿ.ಬಿ.ಎಸ್., ಎಂ.ಡಿ. ಆದ ಮೇಲೆ ಡಿ.ಎಂ. ನ್ಯೂರಾಲಜಿ ಅಂತ ಇದೆಯಾ ನೋಡಿ. ನ್ಯೂರೋಸರ್ಜನ್ ಅಂದರೆ ಆಪರೇಷನ್ ಮಾಡುವವರು, ಅವರು ಬೇರೆ. ಬಸ್ ಸ್ಟಾಂಡಿನ ಗೋಡೆ ಮೇಲೆ "ನರದೌರ್ಬಲ್ಯಕ್ಕೆ ಭೇಟಿ ಮಾಡಿ, ಪ್ರತಿ ಗುರುವಾರ ಲಾಡ್ಜಿನಲ್ಲಿ" ಅಂತ ಇರುತ್ತಲ್ಲ, ಅದು ನಮ್ಮ ನರ ಅಲ್ಲ. ನಗಬೇಡಿ, ನಮ್ಮ ಸಂಬಂಧಿಕರೊಬ್ಬರು ಕಾಲು ಜೋಮಿಗೆ ಅಲ್ಲಿಗೇ ಹೋಗಿ ಬಂದರು.

ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಅಂದರೆ ನಮ್ಮ ದೊಡ್ಡಾಸ್ಪತ್ರೆ. ಎರಡೂ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದವು. ಮೈಸೂರು ಮಂಡ್ಯದಿಂದ ಸುಮಾರು 45 ಕಿಲೋಮೀಟರ್, ನಾನು ರೈಲಲ್ಲೇ ಓಡಾಡಿದ್ದು.

ಸೀದಾ ನಿಮ್ಹಾನ್ಸ್‌ಗೆ ಹೋಗಿಬಿಡಲಾ?

ಹೋಗಬಹುದು. ಕೇಂದ್ರ ಸರ್ಕಾರದ ಸಂಸ್ಥೆ, ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಮೆದುಳು, ನರ, ಮನಸ್ಸು ಮೂರನ್ನೂ ಒಂದೇ ಕಡೆ ನೋಡುವ ಜಾಗ. ಹುಚ್ಚಾಸ್ಪತ್ರೆ ಅಂತ ಹೆದರುವವರು ಈಗಲೂ ಇದ್ದಾರೆ. ನಮ್ಮತ್ತೆ "ಅಲ್ಲಿಗೆ ಹೋದೆ ಅಂತ ಯಾರಿಗೂ ಹೇಳಬೇಡ" ಅಂದಿದ್ದರು. ಪಾರ್ಶ್ವವಾಯು, ಫಿಟ್ಸ್, ಪಾರ್ಕಿನ್ಸನ್ ಎಲ್ಲರೂ ಅಲ್ಲೇ ಸಾಲಿನಲ್ಲಿರುತ್ತಾರೆ.

ಆದರೆ ಮೈಸೂರಿನಿಂದ ಸುಮಾರು 140 ಕಿಲೋಮೀಟರ್, ಇಡೀ ದಿನದ ಕೆಲಸ. ಬೆಳಗಿನ ಜಾವ ಹೊರಡಬೇಕು, ತಿಂಡಿ ಕಟ್ಟಿಕೊಳ್ಳಬೇಕು, ಜೊತೆಗೊಬ್ಬರು ಬೇಕು. ಹಳೆಯ ಫಿಲ್ಮ್, ಸಿ.ಡಿ., ಚೀಟಿ ಎಲ್ಲಾ ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋಗಿ. ಇಲ್ಲಿನ ಡಾಕ್ಟರ್ ಲೆಟರ್ ಇದ್ದರೆ ಕೆಲಸ ಸುಲಭ. ಯಾವ ದಿನ ಯಾವ ವಿಭಾಗ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ನಮ್ಮ ಊರಲ್ಲೇ ಒಬ್ಬ ನರದ ಡಾಕ್ಟರ್ ಬೇಗ ಸಿಗುತ್ತಾರೆ ಅಂದರೆ ಮೊದಲು ಅವರನ್ನೇ ನೋಡಿ ಅನ್ನೋದು ನನ್ನ ಅಭಿಪ್ರಾಯ. ಔಷಧಿ ಶುರುವಾದ ಮೇಲೆ ತಿಂಗಳು ತಿಂಗಳು ಹೋಗಬೇಕಾಗುತ್ತದೆ.

ದುಡ್ಡು?

ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎ.ಪಿ.ಎಲ್.ನವರಿಗೆ ಖರ್ಚಿನ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆದರೆ ಅದು ಮುಖ್ಯವಾಗಿ ಅಡ್ಮಿಟ್ ಆಗಿ ಪಡೆಯುವ ಚಿಕಿತ್ಸೆಗೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರ್ ಆಗಿ ಬರಬೇಕು. ರೋಗ ಯಾವುದು ಅಂತ ಹುಡುಕುವ ಹಂತದಲ್ಲಿ ಕೈಯಿಂದಲೇ ಹೋಗುವುದು ಜಾಸ್ತಿ. ಅದಕ್ಕೇ ಒಂದೇ ಸ್ಕ್ಯಾನ್ ಎರಡು ಸಲ ಆಗದ ಹಾಗೆ ನೋಡಿಕೊಳ್ಳಿ. ಸ್ಕ್ಯಾನ್ ಆದ ದಿನವೇ ರಿಪೋರ್ಟಿನ ಜೊತೆ ಸಿ.ಡಿ. ಕೇಳಿ ಇಸ್ಕೊಳ್ಳಿ. ನಾನು ಒಂದು ಜೊತೆ ಓಲೆ ಅಡವಿಟ್ಟೆ, ಒಂದು ಸ್ಕ್ಯಾನ್ ಸುಮ್ನೆ ಎರಡನೇ ಸಲ ಮಾಡಿಸಿದ್ದು ಅದರಲ್ಲೇ.

ಫೈಲ್ ಕೊಡಿ ಅಂದರೆ "ನಮ್ಮಲ್ಲೇ ಇರುತ್ತೆ" ಅಂತಾರೆ.

ಬರೆದು ಕೇಳಿ. ಡಾಕ್ಟರ್‌ಗಳ ನಡತೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ, ರೋಗಿ ಕೇಳಿದರೆ 72 ಗಂಟೆ ಒಳಗೆ ದಾಖಲೆ ಕೊಡಬೇಕು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಕೇಳಿದ ತಕ್ಷಣ ಫೈಲ್ ಸಿಕ್ಕಿದ್ದೂ ಉಂಟು. ಬೇರೆ ಡಾಕ್ಟರ್ ಹತ್ತಿರ ತೋರಿಸೋದೂ ನಿಮ್ಮ ಹಕ್ಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಗೂಗಲ್ ನೋಡಿ ಹೇಳಿದರೆ ಬೈತಾರಲ್ಲ?

ಬೈತಾರೆ. ಕಾಯಿಲೆ ಹೆಸರು ಹೇಳಬೇಡಿ, ಆಗುತ್ತಿರುವುದನ್ನು ಹೇಳಿ. "ನನಗೆ ಇಂಥ ಕಾಯಿಲೆ ಇದೆ ಅನ್ಸುತ್ತೆ" ಅನ್ನುವುದಕ್ಕಿಂತ "ಬಳಸಿದಷ್ಟೂ ಜಾಸ್ತಿ ಆಗುತ್ತೆ, ಮಲಗಿದರೆ ಕಮ್ಮಿ ಆಗುತ್ತೆ" ಅಂದರೆ ಅವರೇ ಹೆಸರಿಗೆ ಬರುತ್ತಾರೆ. ಅವರಾಗಿಯೇ ಬರಬೇಕು, ಹಾಗಿದೆ ಅವರ ಸ್ವಭಾವ.

ಮನೆಯವರೇ ನಂಬಲ್ಲ. ನಾಟಕ ಅಂತಾರೆ.

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು, ನಂಜನಗೂಡಿಗೆ ಹರಕೆ ಹೊತ್ತರು. ನಾನು ಯಾವುದಕ್ಕೂ ಇಲ್ಲ ಅನ್ನಲಿಲ್ಲ, ಡಾಕ್ಟರ್ ಹತ್ತಿರ ಹೋಗೋದನ್ನು ಮಾತ್ರ ನಿಲ್ಲಿಸಲಿಲ್ಲ. ಸಂಜೆಯ ಫೋಟೋ, ಬೆಳಗಿನ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದ ದಿನ ನಮ್ಮನೆಯವರು ಏನೂ ಮಾತಾಡಲಿಲ್ಲ. ಮಾರನೇ ದಿನದಿಂದ ರಾತ್ರಿಗೆ ಅನ್ನ ಮೆತ್ತಗೆ ಮಾಡಿಸೋಕೆ ಶುರು ಮಾಡಿದರು. ಅಷ್ಟು ಸಾಕಾಯಿತು.

ನಿಜವಾಗ್ಲೂ ಮನಸ್ಸಿಗೇ ಸಂಬಂಧಪಟ್ಟಿದ್ದು ಆಗಿದ್ದರೆ?

ಆಗಿರಬಹುದು. ಅದು ಅವಮಾನ ಅಲ್ಲ, ನಾಟಕವೂ ಅಲ್ಲ. ನರಗಳಿಗೆ ಏಟಾಗದೆ, ಅವು ಕೆಲಸ ಮಾಡುವ ರೀತಿಯಲ್ಲೇ ಏರುಪೇರಾಗಿ ಕೈಕಾಲು ಬಲ ಕಳೆದುಕೊಳ್ಳುವ, ಫಿಟ್ಸ್ ತರಹ ಬರುವ ಕಾಯಿಲೆ ಇದೆ. ಆದರೆ ಅದನ್ನೂ ಪರೀಕ್ಷೆ ಮಾಡಿಯೇ ಹೇಳಬೇಕು. ಬರೀ "ರಿಪೋರ್ಟ್ ನಾರ್ಮಲ್, ಹಾಗಾದರೆ ಮನಸ್ಸು" ಅನ್ನೋದು ಸರಿಯಾದ ದಾರಿ ಅಲ್ಲ. ತಿಳಿದವರು ಮಲಗಿಸಿ ಒಂದು ಕಾಲು ಎತ್ತಿಸಿ, ಇನ್ನೊಂದು ಕಾಲು ತಾನಾಗೇ ಕೆಳಗೆ ಒತ್ತುತ್ತಾ ಅಂತ ಹಿಮ್ಮಡಿ ಕೆಳಗೆ ಕೈಯಿಟ್ಟು ನೋಡುತ್ತಾರೆ. ಇಂಥ ಗುರುತುಗಳಿಂದ ಪತ್ತೆ ಮಾಡುತ್ತಾರೆ, ಚಿಕಿತ್ಸೆಯೂ ಇದೆ. ಕಾಯಿಲೆ ಯಾವುದೇ ಇರಲಿ, ಯಾರೂ ನಂಬದೆ ತಿಂಗಳುಗಟ್ಟಲೆ ಓಡಾಡಿದರೆ ಮನಸ್ಸು ಕುಸಿಯುತ್ತದೆ. ನನಗೂ ಆಗಿತ್ತು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಯಾವಾಗ ಕಾಯಲೇಬಾರದು?

ಇದ್ದಕ್ಕಿದ್ದಂತೆ ಬಾಯಿ ಸೊಟ್ಟ, ಒಂದು ಕಡೆ ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು. ಹಿಂದೆಂದೂ ಬರದಷ್ಟು ಜೋರಾದ ತಲೆನೋವು. ಐದು ನಿಮಿಷ ದಾಟಿದರೂ ನಿಲ್ಲದ ಫಿಟ್ಸ್. ಪಾದದಿಂದ ಮೇಲಕ್ಕೆ ಏರುತ್ತಾ ಬರುವ ನಿಶ್ಶಕ್ತಿ. ಕಾಲು ಸೋತು ಮೂತ್ರವೂ ಕಟ್ಟಿಕೊಳ್ಳುವುದು. ಎಂಜಲು ನುಂಗೋಕೆ, ಉಸಿರಾಡೋಕೆ ಕಷ್ಟ. ಇವಕ್ಕೆ ಹಾಳೆ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಳಗಾಗಲಿ, ನೋಡೋಣ ಅಂದರೆ ಆ ಹೊತ್ತು ಮುಗಿದಿರುತ್ತದೆ.

ಕೊನೆಗೆ ಹೇಗೆ ಗೊತ್ತಾಯಿತು?

ಮೈಸೂರಿನಲ್ಲಿ, ಸಂಜೆ ಏಳೂಕಾಲಿಗೆ. ಅವರು ಹಾಳೆ ಓದಿದರು. ಫೋಟೋ ನೋಡಿದರು. "ಮೇಲೆ ನೋಡ್ತಾ ಇರಿ, ನಾನು ಹೇಳೋವರೆಗೂ ಇಳಿಸಬೇಡಿ" ಅಂತ ಬೆರಳು ಎತ್ತಿ ಹಿಡಿದರು. ಒಂದು ನಿಮಿಷ ಆಗುವಷ್ಟರಲ್ಲಿ ಎಡರೆಪ್ಪೆ ಅಂಗಡಿ ಶಟರ್ ಇಳಿದ ಹಾಗೆ ಇಳಿಯಿತು. ನರ್ಸ್ ಕೈಗವಸಿನಲ್ಲಿ ಐಸ್ ತುಂಬಿ ತಂದರು. ಕಣ್ಣು ಮುಚ್ಚಿಸಿ ಎರಡು ನಿಮಿಷ ರೆಪ್ಪೆ ಮೇಲೆ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ತಮ್ಮ ಪಕ್ಕದಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಐದು ಡಾಕ್ಟರ್, ಎರಡು ಸ್ಕ್ಯಾನ್ ಆದ ಮೇಲೆ ಒಂದು ಹಿಡಿ ಐಸ್.

ಆಮೇಲೆ ರಕ್ತದಲ್ಲಿ ಆ ದಾಳಿ ಮಾಡುವ ಆಂಟಿಬಾಡಿ ಇದೆಯಾ ನೋಡಿದರು, ಮತ್ತೆ ಮತ್ತೆ ಕರೆಂಟ್ ಕೊಡುವ ಪರೀಕ್ಷೆ ಮಾಡಿಸಿದರು, ಈ ಕಾಯಿಲೆಗೆ ನಂಟಿರುವ ಥೈಮಸ್ ಗ್ರಂಥಿ ನೋಡೋಕೆ ಎದೆಯ ಸಿ.ಟಿ. ಆಯಿತು. ಪಿರಿಡೋಸ್ಟಿಗ್ಮಿನ್ ಮಾತ್ರೆ ಶುರುವಾಯಿತು. ಪೂರ್ತಿ ವಾಸಿಯಾಗಿಲ್ಲ. ಮಧ್ಯಾಹ್ನ ಒಂದು ಗಂಟೆ ಮಲಗಲೇಬೇಕು.

ಮೊದಲ ಡಾಕ್ಟರ್ ಮೇಲೆ ದೂರು ಕೊಟ್ಟಿರಾ?

ಇಲ್ಲ. ಕೊಡಬೇಕು ಅನ್ನಿಸುವವರು ಕೊಡಬಹುದು, ಕರ್ನಾಟಕ ಮೆಡಿಕಲ್ ಕೌನ್ಸಿಲ್ ಇರುವುದು ಅದಕ್ಕೂ ಸೇರಿ. ನನಗೆ ಅಷ್ಟು ತ್ರಾಣ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಜ್ವರ ಬಂದು ಅದೇ ಕ್ಲಿನಿಕ್ಕಿಗೆ ಹೋದೆ, ಮನೆಗೆ ಹತ್ತಿರ. ನನ್ನ ಕಾಯಿಲೆಗೆ ಕೆಲವು ಆಂಟಿಬಯಾಟಿಕ್ ಆಗುವುದಿಲ್ಲ, ಶಕ್ತಿ ಇನ್ನೂ ಕುಗ್ಗಿಸುತ್ತವೆ. ಅವುಗಳ ಪಟ್ಟಿ ಪರ್ಸಿನಲ್ಲೇ ಇರುತ್ತದೆ. ಚೀಟಿ ಬರೆದು ಮುಗಿಸುವ ಮೊದಲೇ ಟೇಬಲ್ ಮೇಲೆ ಇಟ್ಟೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು, ಆಗಲೇ ಬರೆದಿದ್ದ ಒಂದು ಹೆಸರು ಹೊಡೆದು ಹಾಕಿ ಬೇರೆ ಬರೆದರು. ಸಾರಿ ಅನ್ನಲಿಲ್ಲ, ನಾನೂ ಕೇಳಲಿಲ್ಲ. "ಇದರದ್ದು ಒಂದು ಜೆರಾಕ್ಸ್ ಕೊಡ್ತೀರೇನಮ್ಮ" ಅಂದರು. ಮಾರನೇ ದಿನ ತಮ್ಮನ ಕೈಲಿ ಕಳಿಸಿದೆ.